ಒಬ್ಬನೇ ಕೊಳ್ಳುವವನಿದ್ದಾಗ: ಭೂತಾನ್ ಮತ್ತು ನಾವು

(ಜಮಖಂಡಿಯಲ್ಲಿ ಪದವಿ ವಿದ್ಯಾರ್ಥಿಗಳು ಮತ್ತು ಊರಿನ ಹಿರಿಯರ ಮುಂದೆ ಆಡಿದ ಮಾತಿನ ಬರಹ ರೂಪ. ನಡುವೆ ಬಂದ ಪ್ರಶ್ನೆಗಳನ್ನೂ ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಭೂತಾನ್ ಅಂದ ಕೂಡಲೇ ಬಂಡೆಗೆ ಅಂಟಿಕೊಂಡ ಮಠ ನೆನಪಾಗುತ್ತದೆ, ಜನರ ಸಂತೋಷವನ್ನು ಅಳೆಯುವ ಸರ್ಕಾರ ನೆನಪಾಗುತ್ತದೆ. ಇವತ್ತು ಅದನ್ನೆಲ್ಲ ಪಕ್ಕಕ್ಕಿಟ್ಟು ಲೆಕ್ಕದ ಪುಸ್ತಕ ತೆಗೆಯೋಣ. ನಾವು ಅವರಿಗೆ ಏನು ಕೊಟ್ಟೆವು, ಅವರಿಂದ ಏನು ಪಡೆದೆವು, ಎಲ್ಲಿ ಮನಸ್ತಾಪ ಬಂತು ಅನ್ನುವುದನ್ನು ನೋಡೋಣ. ಭಾರತಕ್ಕೆ ನೆರೆಯಲ್ಲಿ ಇಷ್ಟು ದಿನ ಬಾಳಿದ ಗೆಳೆತನ ಇನ್ನೊಂದಿಲ್ಲ. ಅದನ್ನು ಕಾಯುವ ಭಾರ ಇಬ್ಬರಲ್ಲಿ ದೊಡ್ಡವರ ಮೇಲೇ ಜಾಸ್ತಿ ಇರುತ್ತದೆ ಎನ್ನುವುದು ನನ್ನ ವಾದ.

ಮೊದಲು ಗಾತ್ರದ ಅಂದಾಜು ಸಿಗಲಿ. ಭೂತಾನಿನ ವಿಸ್ತೀರ್ಣ ಸುಮಾರು 38 ಸಾವಿರ ಚದರ ಕಿಲೋಮೀಟರ್. ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆ ಸೇರಿಸಿದರೆ 30 ಸಾವಿರ ಚಿಲ್ಲರೆ ಆಗುತ್ತದೆ. ಅಂದರೆ ನೆಲ ನಮಗಿಂತ ಹೆಚ್ಚೇ ಇದೆ. ಆದರೆ ಜನ? 2017ರ ಗಣತಿಯಲ್ಲಿ ಇಡೀ ದೇಶದಲ್ಲಿ ಏಳೂಕಾಲು ಲಕ್ಷದ ಆಸುಪಾಸು. ಬಾಗಲಕೋಟೆ ಜಿಲ್ಲೆಯೊಂದರಲ್ಲೇ 2011ರಲ್ಲಿ ಸುಮಾರು 19 ಲಕ್ಷ ಜನ ಇದ್ದರು. ಉತ್ತರಕ್ಕೆ ಚೀನಾ, ಉಳಿದ ಮೂರು ಕಡೆ ಭಾರತ. ಸಮುದ್ರ ಇಲ್ಲ. ಹಡಗಿನಲ್ಲಿ ಏನೇ ತರಿಸಿದರೂ ಅದು ನಮ್ಮ ನೆಲ ದಾಟಿಯೇ ಅವರ ಮನೆ ಸೇರಬೇಕು.

ಇಷ್ಟು ಸಣ್ಣ ರಾಜ್ಯ ಸ್ವತಂತ್ರ ದೇಶವಾಗಿ ಉಳಿದದ್ದು ಹೇಗೆ? ಜಮಖಂಡಿಯವರಿಗೆ ಈ ಪ್ರಶ್ನೆ ಬೇಗ ಅರ್ಥವಾಗುತ್ತದೆ. ಇಲ್ಲಿ ಪಟವರ್ಧನರ ಸಂಸ್ಥಾನ ಇತ್ತು, ಪಕ್ಕದ ಮುಧೋಳದಲ್ಲಿ ಘೋರ್ಪಡೆಯವರದು. 1948ರಲ್ಲಿ ಎರಡೂ ಮುಂಬಯಿ ಪ್ರಾಂತದಲ್ಲಿ ಸೇರಿಹೋದವು. ರಾಮತೀರ್ಥದ ಅರಮನೆ ಉಳಿಯಿತು, ರಾಜ್ಯ ಉಳಿಯಲಿಲ್ಲ. ಮರುವರ್ಷ, 1949ರ ಆಗಸ್ಟ್‌ನಲ್ಲಿ, ಭೂತಾನಿನ ಜೊತೆ ಡಾರ್ಜಿಲಿಂಗ್‌ನಲ್ಲಿ ಭಾರತ ಒಪ್ಪಂದಕ್ಕೆ ಸಹಿ ಹಾಕಿತು. ಒಬ್ಬರಿಗೆ ವಿಲೀನ, ಇನ್ನೊಬ್ಬರಿಗೆ ಒಪ್ಪಂದ. ಯಾಕೆ ಹೀಗೆ?

ಅದರ ಬೇರು ಬ್ರಿಟಿಷರ ಕಾಲದಲ್ಲಿದೆ. 1864-65ರ ಯುದ್ಧದಲ್ಲಿ ಭೂತಾನ್ ಸೋತಿತು. ಬೆಟ್ಟದ ಬುಡದ ದುವಾರ್ ಎಂಬ ಫಲವತ್ತಾದ ಬಯಲನ್ನು ಬ್ರಿಟಿಷರು ಕಸಿದುಕೊಂಡರು. ಇವತ್ತು ನಾವು ಕುಡಿಯುವ ಚಹಾ ಎಷ್ಟೋ ಆ ಬಯಲಿನಿಂದಲೇ ಬರುತ್ತದೆ. ಅದಕ್ಕೆ ಬದಲಾಗಿ ವರ್ಷಕ್ಕೆ 50 ಸಾವಿರ ರೂಪಾಯಿವರೆಗೆ ಕೊಡುವುದೆಂದು ಸಿಂಚುಲಾ ಒಪ್ಪಂದವಾಯಿತು. 1910ರ ಪುನಾಖಾ ಒಪ್ಪಂದದಲ್ಲಿ ಆ ಮೊತ್ತ ಒಂದು ಲಕ್ಷವಾಯಿತು. ಒಳಗಿನ ಆಡಳಿತದಲ್ಲಿ ಬ್ರಿಟಿಷರು ಕೈಹಾಕುವುದಿಲ್ಲ, ಹೊರದೇಶಗಳ ವ್ಯವಹಾರದಲ್ಲಿ ಭೂತಾನ್ ಅವರ ಸಲಹೆಯಂತೆ ನಡೆಯುತ್ತದೆ ಎಂಬ ಮಾತೂ ಅದರಲ್ಲಿ ಸೇರಿತು. ಬ್ರಿಟಿಷ್ ಅಧಿಕಾರಿ ಭೂತಾನಿನಲ್ಲಿ ಕೂತಿರಲೂ ಇಲ್ಲ. ಗ್ಯಾಂಗ್‌ಟಾಕ್‌ನಲ್ಲಿದ್ದ ಪೊಲಿಟಿಕಲ್ ಆಫೀಸರನೇ ಅಲ್ಲಿಂದ ನೋಡಿಕೊಳ್ಳುತ್ತಿದ್ದ. ಈ ಅಂತರವೇ ಭೂತಾನನ್ನು ಕಾಪಾಡಿತು. ಸ್ವತಂತ್ರ ಭಾರತ 1949ರಲ್ಲಿ ಅದೇ ಸಾಲುಗಳನ್ನು ಮುಂದುವರಿಸಿ, ವರ್ಷದ ಹಣವನ್ನು ಐದು ಲಕ್ಷಕ್ಕೆ ಏರಿಸಿತು. ದುವಾರ್‌ನಲ್ಲಿ ಹೋಗಿದ್ದ ನೆಲದಲ್ಲಿ ದೇವನ್‌ಗಿರಿಯ ಸುತ್ತಿನ 32 ಚದರ ಮೈಲಿಯನ್ನು ವಾಪಸ್ ಕೊಟ್ಟಿತು.

1958ರಲ್ಲಿ ನೆಹರೂ ಭೂತಾನಿಗೆ ಹೋದರು. ಹೋದದ್ದು ಹೇಗೆ ಗೊತ್ತಾ? ಭಾರತದಿಂದ ನೇರವಾಗಿ ಭೂತಾನಿನ ಒಳಗೆ ವಾಹನ ಹೋಗುವ ರಸ್ತೆಯೇ ಇರಲಿಲ್ಲ. ಸಿಕ್ಕಿಮ್‌ನಿಂದ ನಾಥು ಲಾ ಹತ್ತಿ, ಆಗಲೇ ಚೀನಾದ ಕೈಯಲ್ಲಿದ್ದ ಟಿಬೆಟ್‌ನ ಚುಂಬಿ ಕಣಿವೆಗೆ ಇಳಿದು, ಅಲ್ಲಿಂದ ಭೂತಾನಿನ ಪಾರೋಗೆ ಪ್ರಯಾಣ. ಜೊತೆಗೆ ಮಗಳು ಇಂದಿರಾ. ದೇಶದ ಪ್ರಧಾನಿ ಪಕ್ಕದ ಮನೆಗೆ ಹೋಗಲು ಮೂರನೆಯವರ ಅಂಗಳ ದಾಟಬೇಕಾಯಿತು. ನೀವು ಸ್ವತಂತ್ರವಾಗಿಯೇ ಇರಬೇಕು ಎಂದು ಅವರು ಪಾರೋದಲ್ಲಿ ಬಹಿರಂಗವಾಗಿ ಹೇಳಿದರು. ಮರುವರ್ಷ ದಲೈ ಲಾಮಾ ಟಿಬೆಟ್ ಬಿಟ್ಟು ಭಾರತಕ್ಕೆ ಬಂದರು. ಭೂತಾನ್ ಉತ್ತರದ ಬಾಗಿಲು ಮುಚ್ಚಿತು. ನೂರಾರು ವರ್ಷ ಉಪ್ಪು, ಉಣ್ಣೆ, ಅಕ್ಕಿ ಓಡಾಡಿದ ದಾರಿ ನಿಂತುಹೋಯಿತು. ಇನ್ನು ಮುಂದೆ ವ್ಯಾಪಾರವೆಲ್ಲ ದಕ್ಷಿಣಕ್ಕೇ.

1961ರಲ್ಲಿ ಭಾರತದ ಗಡಿ ರಸ್ತೆ ಸಂಸ್ಥೆ 'ದಂತಕ್' ಎಂಬ ಹೆಸರಿನಲ್ಲಿ ಕೆಲಸ ಶುರು ಮಾಡಿತು. ಗಡಿಯ ಫುಂಟ್ಶೋಲಿಂಗ್‌ನಿಂದ ರಾಜಧಾನಿ ಥಿಂಪುವಿಗೆ ರಸ್ತೆ ಬಂತು. ಅದೇ ವರ್ಷ ಭೂತಾನಿನ ಮೊದಲ ಪಂಚವಾರ್ಷಿಕ ಯೋಜನೆ ಆರಂಭವಾಯಿತು. ಅದರ ಪೂರಾ ಖರ್ಚು ಭಾರತದ್ದು. 1971ರಲ್ಲಿ ಭಾರತವೇ ಮುಂದೆ ನಿಂತು ಭೂತಾನನ್ನು ವಿಶ್ವಸಂಸ್ಥೆಗೆ ಸೇರಿಸಿತು. ನಾಲ್ಕು ವರ್ಷ ಕಳೆದು 1975ರಲ್ಲಿ ಪಕ್ಕದ ಸಿಕ್ಕಿಮ್ ಭಾರತದ ರಾಜ್ಯವಾಯಿತು. ಥಿಂಪುವಿನ ಅರಮನೆಯಲ್ಲಿ ಆ ಸುದ್ದಿಯನ್ನು ಹೇಗೆ ಕೇಳಿಸಿಕೊಂಡಿರಬೇಕು ಎಂದು ಊಹಿಸಿಕೊಳ್ಳಿ. ವಿಶ್ವಸಂಸ್ಥೆಯ ಕುರ್ಚಿ ಅಷ್ಟರಲ್ಲೇ ಅವರ ಕೈಯಲ್ಲಿತ್ತು ಅನ್ನುವುದು ಸಣ್ಣ ಮಾತಲ್ಲ.

ಈಗ ವಿದ್ಯುತ್ತಿಗೆ ಬರೋಣ. ಈ ಸಂಬಂಧದ ಹೊಟ್ಟೆಪಾಡು ಇರುವುದು ಅಲ್ಲೇ.

1974ರಲ್ಲಿ ಚುಖಾ ಯೋಜನೆಗೆ ಎರಡೂ ದೇಶ ಒಪ್ಪಿದವು. 336 ಮೆಗಾವಾಟ್. ನಮ್ಮ ಆಲಮಟ್ಟಿಯ ವಿದ್ಯುತ್ ಕೇಂದ್ರ 290 ಮೆಗಾವಾಟ್. ಹೋಲಿಸಿ ನೋಡಿದರೆ ಅಂದಾಜು ಸಿಗುತ್ತದೆ. ಹಣದಲ್ಲಿ ನೂರಕ್ಕೆ 60 ಭಾಗ ಭಾರತದ ಅನುದಾನ, 40 ಭಾಗ ಶೇ 5ರ ಬಡ್ಡಿಯ ಸಾಲ. ಕಟ್ಟಿದ್ದು ನಾವು, ಅವರಿಗೆ ಬೇಕಾದಷ್ಟು ಬಿಟ್ಟು ಉಳಿದ ವಿದ್ಯುತ್ ಕೊಳ್ಳುವುದೂ ನಾವು. 1986ರಿಂದ 88ರ ನಡುವೆ ಚುಖಾದ ಯಂತ್ರಗಳು ತಿರುಗತೊಡಗಿದವು. ಭೂತಾನ್ ಸರ್ಕಾರ ಮೊದಲ ಬಾರಿಗೆ ತನ್ನದೇ ದೊಡ್ಡ ಆದಾಯ ಕಂಡಿತು. ಆಮೇಲೆ ಕುರಿಚ್ಛು, ಅದರ ಹಿಂದೆಯೇ 1020 ಮೆಗಾವಾಟ್‌ನ ತಾಲಾ, 2019ರಲ್ಲಿ 720 ಮೆಗಾವಾಟ್‌ನ ಮಾಂಗ್ದೆಚ್ಛು.

ತಾಲಾ ಹೇಗಿದೆ ಎಂದು ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಇಲ್ಲಿರುವವರಿಗೆ ಆಣೆಕಟ್ಟು ಅಂದರೆ ಮೊದಲು ಹಿನ್ನೀರೇ ಕಣ್ಣ ಮುಂದೆ ಬರುತ್ತದೆ. ಹಳೆ ಬಾಗಲಕೋಟೆ ಮುಳುಗಿದ್ದನ್ನು ಕಂಡವರು ನೀವು. ತಾಲಾದಲ್ಲಿ ಹಾಗೆ ಊರುಗಳನ್ನು ನುಂಗುವ ಜಲಾಶಯ ಇಲ್ಲ. ವಾಂಗ್‌ಚ್ಛು ನದಿಗೆ 92 ಮೀಟರ್ ಎತ್ತರದ ಕಟ್ಟೆ ಹಾಕಿದ್ದಾರೆ. ಅಲ್ಲಿಂದ ನೀರು ಬೆಟ್ಟದ ಹೊಟ್ಟೆಯೊಳಗೆ ಕೊರೆದ 23 ಕಿಲೋಮೀಟರ್ ಸುರಂಗದಲ್ಲಿ ಹೋಗುತ್ತದೆ. ಸುರಂಗದ ತುದಿಯಲ್ಲಿ ಎಂಟುನೂರು ಮೀಟರಿಗೂ ಹೆಚ್ಚು ಆಳಕ್ಕೆ ಧುಮುಕಿ, ನೆಲದಡಿಯ ವಿದ್ಯುತ್ ಕೇಂದ್ರದ ಆರು ಯಂತ್ರಗಳನ್ನು ತಿರುಗಿಸಿ ಮತ್ತೆ ಹೊಳೆ ಸೇರುತ್ತದೆ. ಇಳಿಜಾರೇ ಬಂಡವಾಳ. ಮುಳುಗಡೆ ಕಡಿಮೆ, ಪುನರ್ವಸತಿಯ ಗೋಳು ಕಡಿಮೆ. ಆದರೆ ನೀರನ್ನು ಕೂಡಿಡಲು ಜಾಗವೂ ಕಡಿಮೆ. ಮಳೆಗಾಲದಲ್ಲಿ ಬಂದಷ್ಟೂ ನೀರಿಗೆ ವಿದ್ಯುತ್, ಚಳಿಗಾಲದಲ್ಲಿ ಹೊಳೆ ಸೊರಗಿದರೆ ವಿದ್ಯುತ್ತೂ ಸೊರಗುತ್ತದೆ.

ಇಲ್ಲಿ ಕೂತವರಲ್ಲಿ ಕಬ್ಬು ಬೆಳೆಯುವವರು ಬಹಳ ಜನ ಇದ್ದೀರಿ. ಗ್ಯಾಂಗ್ ಬಂದ ದಿನ ಕಡಿಯಬೇಕು, ಕಡಿದ ಕಬ್ಬು ತಡಮಾಡದೆ ಕಾರ್ಖಾನೆ ಸೇರಬೇಕು. ಹೊಲದಲ್ಲೇ ಬಿದ್ದರೆ ದಿನದಿಂದ ದಿನಕ್ಕೆ ತೂಕ ಇಳಿಯುತ್ತದೆ. ದರ ಸರಿ ಇಲ್ಲ ಅಂತ ಮನೆಗೆ ತಂದು ಪೇರಿಸಿಡುವ ಮಾಲು ಅದಲ್ಲ. ಹರಿಯುವ ನೀರಿನ ವಿದ್ಯುತ್ತೂ ಹಾಗೇ. ಹುಟ್ಟಿದ ಕ್ಷಣವೇ ಯಾರಾದರೂ ಕೊಳ್ಳಬೇಕು. ಭೂತಾನಿನಿಂದ ತಂತಿ ಹೊರಟರೆ ಅದು ಬರುವುದು ಭಾರತಕ್ಕೇ. ಒಂದೇ ಕಾರ್ಖಾನೆ ಇರುವ ಊರಿನ ರೈತನಿಗೆ ದರ ಕೇಳುವ ದನಿ ಎಷ್ಟಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ, ಅಲ್ವಾ?

ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯ ರೈತರೊಬ್ಬರು ಎದ್ದು ಕೇಳಿದರು: "ಅಲ್ರೀ ಸರ, ರೊಕ್ಕ ನಮ್ದು, ಕಟ್ಟಿದವ್ರು ನಾವು. ಮತ್ತ ಕರೆಂಟಿಗೆ ಬಿಲ್ಲೂ ನಾವ ಕೊಡಬೇಕಂದ್ರ ಹ್ಯಾಂಗ್ರೀ?"

ಪ್ರಶ್ನೆ ನ್ಯಾಯವಾದದ್ದು. ನೀರು, ಬೆಟ್ಟ, ಕಾಡು ಅವರದ್ದು. ಬೆಟ್ಟ ಜರಿದರೆ ನಷ್ಟ ಅನುಭವಿಸುವವರೂ ಅವರೇ. ಕೊಟ್ಟ ಹಣದಲ್ಲಿ ಸಾಲದ ಭಾಗ ಬಡ್ಡಿಯೊಂದಿಗೆ ನಮಗೆ ವಾಪಸ್ ಬರುತ್ತದೆ. ಸಿಮೆಂಟು, ಕಬ್ಬಿಣ, ಯಂತ್ರ, ಗುತ್ತಿಗೆದಾರರು, ಕೂಲಿಯವರು ಹೆಚ್ಚಿನಂಶ ಭಾರತದಿಂದಲೇ ಹೋದವರು, ಹೋದದ್ದು. ಅಂದರೆ ಅನುದಾನದ ರೊಕ್ಕವೂ ಬಹುಪಾಲು ತಿರುಗಿ ನಮ್ಮ ಪೇಟೆಗೇ ಬಂತು. ಮಾಂಗ್ದೆಚ್ಛು ವಿದ್ಯುತ್ತನ್ನು ನಾವು ಯೂನಿಟ್‌ಗೆ 4 ರೂಪಾಯಿ 12 ಪೈಸೆಯಂತೆ ಕೊಳ್ಳಲು ಒಪ್ಪಿದೆವು. ಕಲ್ಲಿದ್ದಲು ಸುಡದೆ, ಒಂದು ಹಳ್ಳಿಯನ್ನೂ ನಮ್ಮ ಕಡೆ ಮುಳುಗಿಸದೆ ಸಿಗುವ ವಿದ್ಯುತ್ತಿಗೆ ಇದೇನೂ ದುಬಾರಿ ಅಲ್ಲ.

ಭದ್ರತೆಯ ಲೆಕ್ಕವೂ ಇದೆ. 2003ರ ಡಿಸೆಂಬರ್‌ನಲ್ಲಿ, ಅಸ್ಸಾಂ ಮತ್ತು ಉತ್ತರ ಬಂಗಾಳದಲ್ಲಿ ರಕ್ತ ಹರಿಸುತ್ತಿದ್ದ ಉಲ್ಫಾ ಮೊದಲಾದ ಮೂರು ಸಂಘಟನೆಗಳ 30 ಶಿಬಿರಗಳನ್ನು ಭೂತಾನ್ ತನ್ನ ಕಾಡಿನಿಂದ ಕಿತ್ತುಹಾಕಿತು. ಅವರ ಸೈನ್ಯ ಚಿಕ್ಕದು. ಆಗಿನ ರಾಜ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್ ತಾವೇ ಮುಂದೆ ನಿಂತರು. ಭೂತಾನಿನ ಸೈನಿಕರೂ ಪ್ರಾಣ ಕೊಟ್ಟರು. 'ನಾವು ಕೊಟ್ಟೆವು, ನಾವು ಕೊಟ್ಟೆವು' ಎಂದು ಸುಮ್ನೆ ಹೇಳುತ್ತಿರುತ್ತೇವೆ. ಆ ಮಾತು ಕೇಳಿದಾಗೆಲ್ಲ ನನಗೆ ಆ ಸೈನಿಕರ ನೆನಪಾಗುತ್ತದೆ.

ಈಗ ಕಹಿ ಭಾಗ.

ಚುಖಾದ ಕಾಲದ ಉದಾರ ಲೆಕ್ಕ ಹಾಗೇ ಉಳಿಯಲಿಲ್ಲ. ಮುಂದಿನ ಯೋಜನೆಗಳಲ್ಲಿ ತಲೆಕೆಳಗಾಯಿತು: ಅನುದಾನ 30, ಸಾಲ 70, ಬಡ್ಡಿ ಶೇ 10. 2020ರೊಳಗೆ 10 ಸಾವಿರ ಮೆಗಾವಾಟ್ ಎಂದು 2009ರಲ್ಲಿ ಎರಡೂ ಸರ್ಕಾರ ಗುರಿ ಇಟ್ಟವು. 2020 ಬಂದು ಹೋಯಿತು, ಗುರಿಯ ಕಾಲುಭಾಗವೂ ಕೈಗೆ ಬರಲಿಲ್ಲ. ಕೆಲಸ ಶುರುವಾದವುಗಳಲ್ಲಿ ದೊಡ್ಡದು 1200 ಮೆಗಾವಾಟ್‌ನ ಪುನಾತ್ಸಾಂಗ್‌ಚ್ಛು ಒಂದನೇ ಯೋಜನೆ. 2008ರಲ್ಲಿ ಕೆಲಸ ಶುರುವಾಯಿತು. 2013ರಲ್ಲಿ ಕಟ್ಟೆಯ ಜಾಗದಲ್ಲಿ ಬಲದಂಡೆಯ ಗುಡ್ಡ ಜಾರಿತು. ಹಿಡಿದು ನಿಲ್ಲಿಸಿದರು, ಮತ್ತೆ ಜಾರಿತು. ಮೂರೂವರೆ ಸಾವಿರ ಕೋಟಿಯಲ್ಲಿ ಮುಗಿಯಬೇಕಿದ್ದ ಕೆಲಸ ಒಂಬತ್ತು ಸಾವಿರ ಕೋಟಿ ದಾಟಿತು. ವಿದ್ಯುತ್ ಇನ್ನೂ ಬಂದಿಲ್ಲ, ಬಡ್ಡಿ ಮಾತ್ರ ಬೆಳೆಯುತ್ತಿದೆ. ಭೂತಾನಿನ ಒಟ್ಟು ಸಾಲ ಅದರ ವರ್ಷದ ಉತ್ಪನ್ನವನ್ನೇ ಮೀರಿದೆ. ಅದರಲ್ಲಿ ಸಿಂಹಪಾಲು ಈ ಜಲವಿದ್ಯುತ್ ಸಾಲ, ಭಾರತಕ್ಕೆ ಕೊಡಬೇಕಾದದ್ದು. ನೀರಾವರಿಗೆ ಸಾಲ ಮಾಡಿ, ಬೋರ್‌ವೆಲ್ ಕೊರೆಸಿದಲ್ಲಿ ನೀರು ಬರದವರ ಸಂಕಟ ಬಲ್ಲವರಿಗೆ ಇದರ ಭಾರ ಗೊತ್ತಾಗುತ್ತದೆ.

2012ರಲ್ಲಿ ಇನ್ನೊಂದು ಪೆಟ್ಟು ಬಿತ್ತು. ಭೂತಾನಿನ ಹಣ ಙುಲ್ಟ್ರಮ್. ಅದರ ಬೆಲೆ ನಮ್ಮ ರೂಪಾಯಿಗೆ ಸರಿಸಮ. ಆದರೆ ರೂಪಾಯಿಯನ್ನು ಅವರು ಮುದ್ರಿಸುವಂತಿಲ್ಲ. ಗಳಿಸಬೇಕು, ಇಲ್ಲವೇ ಸಾಲ ತರಬೇಕು. ಅಕ್ಕಿ, ಪೆಟ್ರೋಲ್, ಕಾರು, ಕಬ್ಬಿಣ ಎಲ್ಲ ಭಾರತದಿಂದಲೇ ಬರಬೇಕು. ಖರ್ಚು ಗಳಿಕೆಯನ್ನು ಮೀರಿದಾಗ ಬ್ಯಾಂಕುಗಳಲ್ಲಿ ರೂಪಾಯಿ ಬತ್ತಿಹೋಯಿತು. ವಾಹನ ತರಿಸುವುದಕ್ಕೆ, ಮನೆ ಕಟ್ಟುವ ಸಾಲಕ್ಕೆ ತಡೆ ಹಾಕಬೇಕಾಯಿತು. ಡಾಲರ್ ಮಾರಿ ರೂಪಾಯಿ ಕೊಂಡುಕೊಂಡ ದೇಶ ಅದು.

ಮರುವರ್ಷದ ಘಟನೆ ಇದಕ್ಕಿಂತ ಮನಸ್ಸು ನೋಯಿಸುವಂಥದ್ದು. 2013ರ ಜುಲೈ. ಭೂತಾನಿನ ಎರಡನೇ ಸಾರ್ವತ್ರಿಕ ಚುನಾವಣೆ ನಡೆಯುತ್ತಿತ್ತು. ಮೊದಲ ಸುತ್ತು ಮುಗಿದಿತ್ತು, ಜುಲೈ 13ಕ್ಕೆ ಎರಡನೇ ಸುತ್ತು. ಸರಿಯಾಗಿ ಜುಲೈ 1ರಿಂದ ಅಡುಗೆ ಅನಿಲ ಮತ್ತು ಸೀಮೆಎಣ್ಣೆಗೆ ಭಾರತ ಕೊಡುತ್ತಿದ್ದ ಸಬ್ಸಿಡಿ ನಿಂತಿತು. ಥಿಂಪುವಿನಲ್ಲಿ ಸಿಲಿಂಡರ್ ಬೆಲೆ ದುಪ್ಪಟ್ಟಿಗಿಂತ ಜಾಸ್ತಿ ಆಯಿತು. ಪಂಚವಾರ್ಷಿಕ ಯೋಜನೆಯ ಅವಧಿ ಜೂನ್‌ಗೆ ಮುಗಿದದ್ದೇ ಕಾರಣ ಎಂದು ದೆಹಲಿ ಹೇಳಿತು. ಆದರೆ ಹಿಂದಿನ ವರ್ಷ ಪ್ರಧಾನಿ ಜಿಗ್ಮೆ ಥಿನ್ಲೆ ರಿಯೊದಲ್ಲಿ ಚೀನಾದ ಪ್ರಧಾನಿಯನ್ನು ಭೇಟಿಯಾಗಿದ್ದರು. ಅದಕ್ಕೇ ಈ ಶಿಕ್ಷೆ ಎಂದು ಭೂತಾನಿನಲ್ಲಿ ಅನೇಕರು ನಂಬಿದರು. ಥಿನ್ಲೆ ಪಕ್ಷ ಸೋತಿತು, ಶೆರಿಂಗ್ ತೋಬ್ಗೆ ಗೆದ್ದರು, ಸಬ್ಸಿಡಿ ಮರಳಿ ಬಂತು. ಕಾರಣ ಕಾಗದಪತ್ರದ್ದೇ ಇದ್ದರೂ, ಮತದಾನಕ್ಕೆ ಹನ್ನೆರಡು ದಿನ ಇರುವಾಗ ಪಕ್ಕದ ದೇಶದ ಒಲೆಯ ಮೇಲೆ ಕೈ ಇಡಬಾರದಿತ್ತು. ಇದು ನಮ್ಮಿಂದಾದ ತಪ್ಪು ಎಂದೇ ನನ್ನ ಅಭಿಪ್ರಾಯ. ಹಂಗಿನಲ್ಲಿರುವವರು ಇಂಥದ್ದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಮರೆಯುವುದೂ ಇಲ್ಲ.

ನೇಪಾಳದಲ್ಲಿ ಇದೇ ಬಗೆಯದ್ದು ಇನ್ನೂ ದೊಡ್ಡದಾಗಿ ಆಯಿತು. 1989ರಲ್ಲಿ ವ್ಯಾಪಾರ ಒಪ್ಪಂದ ಮುಗಿದು ಗಡಿ ಠಾಣೆಗಳು ಮುಚ್ಚಿದವು. 2015ರಲ್ಲಿ ಭೂಕಂಪದ ಗಾಯ ಆರುವ ಮೊದಲೇ ಲಾರಿಗಳು ಗಡಿಯಲ್ಲಿ ತಿಂಗಳುಗಟ್ಟಲೆ ನಿಂತವು. ಮರುವರ್ಷವೇ ನೇಪಾಳ ಚೀನಾದ ಜೊತೆ ಸಾಗಣೆ ಒಪ್ಪಂದ ಮಾಡಿಕೊಂಡಿತು.

ಹಾಗಂತ ಭೂತಾನ್ ಹೇಳಿದ್ದಕ್ಕೆಲ್ಲ ತಲೆಯಾಡಿಸುವ ದೇಶ ಅಂದುಕೊಳ್ಳಬೇಡಿ. 2015ರಲ್ಲಿ ಬಾಂಗ್ಲಾದೇಶ, ಭೂತಾನ್, ಭಾರತ, ನೇಪಾಳ ನಾಲ್ಕೂ ಸೇರಿ ವಾಹನಗಳ ಮುಕ್ತ ಓಡಾಟಕ್ಕೆ ಒಪ್ಪಂದ ಮಾಡಿಕೊಂಡವು. ಸಹಿ ಬಿದ್ದದ್ದು ಥಿಂಪುವಿನಲ್ಲೇ. ಆದರೆ ಮರುವರ್ಷ ಭೂತಾನಿನ ಮೇಲ್ಮನೆ ಅದನ್ನು ತಿರಸ್ಕರಿಸಿತು. ಹೊರಗಿನ ಲಾರಿಗಳು ಸಾಲುಗಟ್ಟಿ ಬಂದರೆ ನಮ್ಮ ಬೆಟ್ಟದ ರಸ್ತೆ, ಗಾಳಿ, ಲಾರಿ ಮಾಲೀಕರ ಹೊಟ್ಟೆಪಾಡು ಏನಾಗಬೇಕು ಎಂದು ಕೇಳಿತು. ನೀವು ಮೂವರು ಮುಂದುವರಿಯಿರಿ, ನಾವು ಆಮೇಲೆ ನೋಡುತ್ತೇವೆ ಎಂದು ಸರ್ಕಾರ ಮೆತ್ತಗೆ ಹೇಳಿತು. ಭಾರತ ಅದನ್ನು ಒಪ್ಪಿಕೊಂಡಿತು. ದೊಡ್ಡವರು ಹೀಗೆ ನಡೆದುಕೊಂಡಾಗಲೂ ನಾವು ಗುರುತಿಸಬೇಕು.

ಎಲ್ಲಕ್ಕಿಂತ ದೊಡ್ಡ ತಿದ್ದುಪಡಿ 2007ರದ್ದು. ಫೆಬ್ರುವರಿ 8ರಂದು ದೆಹಲಿಯಲ್ಲಿ ಹೊಸ ಒಪ್ಪಂದಕ್ಕೆ ಸಹಿ ಬಿತ್ತು. ಹೊರದೇಶಗಳ ವಿಚಾರದಲ್ಲಿ ಭಾರತದ ಸಲಹೆಯಂತೆ ನಡೆಯಬೇಕು ಎಂಬ ಹಳೆಯ ಕಲಮು ಹೋಯಿತು. ಒಬ್ಬರ ಹಿತಕ್ಕೆ ಒಬ್ಬರು ನೆರವಾಗುವುದು, ಒಬ್ಬರ ನೆಲವನ್ನು ಇನ್ನೊಬ್ಬರ ವಿರುದ್ಧ ಬಳಸಲು ಬಿಡದಿರುವುದು ಎಂಬ ಮಾತು ಬಂತು. ಯಾರೂ ಬೀದಿಗಿಳಿಯಲಿಲ್ಲ, ಕೂಗಾಡಲಿಲ್ಲ. ಸುಮಾರು ನೂರು ವರ್ಷದ ಹಿಂದೆ ಬ್ರಿಟಿಷರು ಬರೆಸಿದ್ದ ಸಾಲನ್ನು ಎರಡೂ ಕಡೆಯವರು ಕೂತು ಅಳಿಸಿದರು. ನಮ್ಮ ರಾಜತಾಂತ್ರಿಕತೆಯ ಒಳ್ಳೆಯ ಕೆಲಸಗಳಲ್ಲಿ ಇದೊಂದು, ಆದರೆ ಹೊಗಳಿದವರು ಕಡಿಮೆ.

ಲಸಿಕೆಯ ಕತೆಯೂ ಹೇಳಲೇಬೇಕು. 2021ರ ಜನವರಿಯಲ್ಲಿ ನಾವು ಹೊರದೇಶಗಳಿಗೆ ಕೋವಿಶೀಲ್ಡ್ ಉಡುಗೊರೆಯಾಗಿ ಕಳಿಸತೊಡಗಿದಾಗ ಮೊದಲು ತಲುಪಿದವರಲ್ಲಿ ಭೂತಾನ್ ಒಂದು: ಒಂದೂವರೆ ಲಕ್ಷ ಡೋಸ್. ಮಾರ್ಚ್‌ನಲ್ಲಿ ಇನ್ನೂ ನಾಲ್ಕು ಲಕ್ಷ. ಎರಡು ವಾರದ ಆಸುಪಾಸಿನಲ್ಲಿ ವಯಸ್ಕರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನರಿಗೆ ಹಾಕಿ ಮುಗಿಸಿದರು. ಅಷ್ಟರಲ್ಲಿ ನಮ್ಮಲ್ಲಿ ಎರಡನೇ ಅಲೆ ಎದ್ದಿತು, ರಫ್ತು ನಿಂತಿತು. ನಮ್ಮವರೇ ಆಮ್ಲಜನಕಕ್ಕೆ ಪರದಾಡುತ್ತಿದ್ದ ದಿನಗಳು, ಯಾರೂ ದೂರುವಂತಿರಲಿಲ್ಲ. ಆದರೆ ಭೂತಾನಿಗೆ ಎರಡನೇ ಡೋಸ್ ಬೇಕಿತ್ತು. ಜುಲೈನಲ್ಲಿ ಅಮೆರಿಕದಿಂದ ಐದು ಲಕ್ಷ ಮೊಡೆರ್ನಾ, ಡೆನ್ಮಾರ್ಕ್‌ನಿಂದ ಎರಡೂವರೆ ಲಕ್ಷ ಆಸ್ಟ್ರಾಜೆನೆಕಾ ಬಂತು. ಒಂದೇ ಬಾಗಿಲು ನೆಚ್ಚಿಕೊಂಡರೆ, ಆ ಮನೆಯವರು ಒಳ್ಳೆಯವರಾದರೂ ಕಷ್ಟ ಬರಬಹುದು ಎಂದು ಅವರು ಆಗ ಕಂಡರು.

ಈಗ ಅವರು ಬೇರೆ ದಾರಿಗಳನ್ನೂ ಹುಡುಕುತ್ತಿದ್ದಾರೆ. ದರ ಬರದಿದ್ದರೆ ನಮ್ಮ ಮಹಾಲಿಂಗಪುರದ ಕಡೆಯ ರೈತರು ಗಾಣ ಹೂಡಿ ಬೆಲ್ಲ ಮಾಡಿದ ಹಾಗೆ, ಭೂತಾನ್ ತನ್ನ ಮಳೆಗಾಲದ ವಿದ್ಯುತ್ತಿನಿಂದ ಕಂಪ್ಯೂಟರ್ ಓಡಿಸಿ ಬಿಟ್‌ಕಾಯಿನ್ ಎಂಬ ಡಿಜಿಟಲ್ ನಾಣ್ಯ ತೆಗೆಯುತ್ತಿದೆ. ಸರ್ಕಾರದ್ದೇ ಹೂಡಿಕೆ ಕಂಪನಿ ಸಾವಿರಾರು ಬಿಟ್‌ಕಾಯಿನ್ ಕೂಡಿಹಾಕಿದೆ. ಹೊಸ ಜಲವಿದ್ಯುತ್ ಯೋಜನೆಗಳಿಗೆ ಟಾಟಾ ಪವರ್‌ನಂಥ ಕಂಪನಿಗಳನ್ನು ಪಾಲುದಾರರಾಗಿ ತಂದಿದ್ದಾರೆ. ಅಸ್ಸಾಂ ಗಡಿಯ ಗೆಲೆಫುವಿನಲ್ಲಿ ಹೊಸ ನಗರ ಕಟ್ಟುವುದಾಗಿ ರಾಜರು 2023ರ ಡಿಸೆಂಬರ್‌ನಲ್ಲಿ ಸಾರಿದ್ದಾರೆ. 2024ರಲ್ಲಿ ಭಾರತ ಅವರ ಹೊಸ ಪಂಚವಾರ್ಷಿಕ ಯೋಜನೆಗೆ 10 ಸಾವಿರ ಕೋಟಿ ರೂಪಾಯಿ ಕೊಡುವುದಾಗಿ ಹೇಳಿತು. ಹಿಂದಿನ ಯೋಜನೆಗೆ ಕೊಟ್ಟ 4,500 ಕೋಟಿಯ ದುಪ್ಪಟ್ಟಿಗೂ ಹೆಚ್ಚು. 2025ರಲ್ಲಿ ಕೋಕ್ರಝಾರ್‌ನಿಂದ ಗೆಲೆಫುವಿಗೆ, ಬಾನರ್‌ಹಾಟ್‌ನಿಂದ ಸಾಮ್ತ್ಸೆಗೆ, ಒಟ್ಟು 89 ಕಿಲೋಮೀಟರ್ ರೈಲು ಹಳಿ ಹಾಕುವ ನಿರ್ಧಾರವಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಪುನಾತ್ಸಾಂಗ್‌ಚ್ಛು ಎರಡನೇ ಯೋಜನೆ ಉದ್ಘಾಟನೆಯಾಯಿತು. ಗುಡ್ಡ ಜಾರಿ ನಿಂತಿದ್ದ ಒಂದನೇ ಯೋಜನೆಯ ಕಟ್ಟೆ ಕೆಲಸ ಮತ್ತೆ ಶುರು ಮಾಡಲೂ ಒಪ್ಪಿದ್ದಾರೆ.

ಕೊನೆಗೆ ವಿದ್ಯಾರ್ಥಿನಿಯೊಬ್ಬಳು ಕೇಳಿದ ಪ್ರಶ್ನೆ: "ಸರ್, ನಾಳೆ ಚೀನಾ ಥಿಂಪುವಿನಲ್ಲಿ ರಾಯಭಾರ ಕಚೇರಿ ತೆರೆದರೆ ನಾವೇನು ಮಾಡಬೇಕು?"

ಒಳ್ಳೆಯ ಪ್ರಶ್ನೆ ಕೇಳಿದೆಯಮ್ಮ. ಇವತ್ತಿನವರೆಗೆ ಭೂತಾನಿಗೆ ಚೀನಾದ ಜೊತೆ ರಾಜತಾಂತ್ರಿಕ ಸಂಬಂಧ ಇಲ್ಲ. ಅಮೆರಿಕ, ರಷ್ಯಾ, ಬ್ರಿಟನ್, ಫ್ರಾನ್ಸ್ ಜೊತೆಗೂ ಇಲ್ಲ. ಆದರೆ ಗಡಿ ಮಾತುಕತೆ 1984ರಿಂದ ನಡೆದಿದೆ. ಉತ್ತರದಲ್ಲಿ 495 ಚದರ ಕಿಲೋಮೀಟರ್ ನಿಮಗೇ ಬಿಡುತ್ತೇವೆ, ಪಶ್ಚಿಮದಲ್ಲಿ 269 ನಮಗೆ ಕೊಡಿ ಎಂದು ಚೀನಾ 1996ರಿಂದ ಕೇಳುತ್ತಿದೆ. ಆ 269ರಲ್ಲಿ ಡೋಕ್ಲಾಂ ಇದೆ. ಅಲ್ಲಿಂದ ಕೆಳಗೆ ನೋಡಿದರೆ ನಮ್ಮ ಸಿಲಿಗುರಿ ಪಟ್ಟಿ, ಈಶಾನ್ಯಕ್ಕೆ ಹೋಗುವ ಕುತ್ತಿಗೆ. ಲೆಕ್ಕದಲ್ಲಿ ಭೂತಾನಿಗೆ ಲಾಭವಿದ್ದರೂ ಅವರು ಒಪ್ಪಿಲ್ಲ. 2017ರಲ್ಲಿ ಅಲ್ಲಿ ಚೀನಾ ರಸ್ತೆ ಮಾಡಲು ಬಂದಾಗ ಎರಡು ತಿಂಗಳಿಗೂ ಹೆಚ್ಚು ನಮ್ಮ ಸೈನಿಕರು ಎದುರಿಗೆ ನಿಂತರು. ಭೂತಾನ್ ಒಂದೆರಡು ಹೇಳಿಕೆ ಕೊಟ್ಟು ಸುಮ್ಮನಾಯಿತು. ಆ ಮೌನದ ಹಿಂದೆ ಎಷ್ಟು ಒತ್ತಡ ಇತ್ತೆಂದು ನಾವು ತಿಳಿಯಬೇಕು.

ಹಾಗಾಗಿ ನನ್ನ ಉತ್ತರ ಇದು. ಕಚೇರಿ ತೆರೆಯುವುದು ಬಿಡುವುದು 2007ರ ಒಪ್ಪಂದದ ಪ್ರಕಾರ ಅವರ ಹಕ್ಕು. ನಾವು ಅದಕ್ಕೆ ಸಿಲಿಂಡರಿನ ಬೆಲೆ ಏರಿಸಿ ಉತ್ತರ ಕೊಡಬಾರದು. ನೆಲ ನಮ್ಮ ವಿರುದ್ಧ ಬಳಕೆಯಾಗಬಾರದು ಎಂಬ ಕಲಮು ಅದೇ ಒಪ್ಪಂದದಲ್ಲಿದೆ, ಅದನ್ನು ಗಟ್ಟಿಯಾಗಿ ಕೇಳಬಹುದು. ಮತ್ತೆ ನಮ್ಮ ಕಡೆಯ ಕೆಲಸ ನಾವು ಮಾಡಬೇಕು. ಪುನಾತ್ಸಾಂಗ್‌ಚ್ಛು ಒಂದನೇ ಕಟ್ಟೆಯನ್ನು ಇನ್ನೊಂದು ಹತ್ತು ವರ್ಷ ಎಳೆಯದೆ ಮುಗಿಸಬೇಕು, ತಡವಾದ ವರ್ಷಗಳ ಬಡ್ಡಿ ಯಾರು ಹೊರಬೇಕು ಎಂದು ಕೂತು ಮಾತಾಡಬೇಕು. ಚಳಿಗಾಲದಲ್ಲಿ ಹೊಳೆ ಸೊರಗಿದಾಗ ಭೂತಾನ್ ನಮ್ಮಿಂದಲೇ ವಿದ್ಯುತ್ ಕೊಳ್ಳುತ್ತದೆ. ಆಗ ನಾವು ಮಾರುವವರು, ಅವರು ಕೊಳ್ಳುವವರು. ಮಳೆಗಾಲದಲ್ಲಿ ಅವರಿಗೆ ಕೊಟ್ಟ ದರ ಮತ್ತು ಚಳಿಗಾಲದಲ್ಲಿ ಅವರಿಂದ ಪಡೆದ ದರ, ಎರಡನ್ನೂ ಒಂದೇ ಹಾಳೆಯ ಮೇಲೆ ಬರೆದು ನೋಡು. ಮುಂದೆ ನೀನು ಈ ವಿಷಯ ಓದುವುದಾದರೆ ಅಲ್ಲಿಂದಲೇ ಶುರು ಮಾಡು.